ಎಲ್ಲಕ್ಕಿಂತ ಸಣ್ಣ ಮೌತ್‌ಪೀಸ್

ವೆಂಡೆಲಿನಣ್ಣ,

ಇವತ್ತು ನಿನ್ನ ಆ ಹಿತ್ತಾಳೆಯ ದೊಡ್ಡ ಊದುವಾದ್ಯ ಟ್ಯೂಬಾಕ್ಕೆ, ತುಟಿಗಿಟ್ಟು ಊದುವ ಮೌತ್‌ಪೀಸ್ ಆರಿಸಲು ಕಿಯೋವ್ ಪೇಟೆಯ ಹಿನೆಕರ ವಾದ್ಯದ ಅಂಗಡಿಗೆ ಹೋಗಿದ್ದೆ. ಹಲ್ಲು ಕಟ್ಟಿಸಿಕೊಂಡ ಮೇಲೆ ನಿನ್ನ ಆ ದೊಡ್ಡ ಮೌತ್‌ಪೀಸ್ ನನಗೆ ಒಗ್ಗುತ್ತಿಲ್ಲ. ಊರಲ್ಲಿ ಯಾರಾದರೂ ತೀರಿಕೊಂಡಾಗ, ನಿನ್ನನ್ನು ಮಣ್ಣು ಮಾಡಿದ ಗುಡ್ಡಕ್ಕೆ ಬ್ಯಾಂಡಿನವರೊಂದಿಗೆ ಶವದ ಮುಂದೆ ಊದುತ್ತ ಹತ್ತುವಾಗ ತಗ್ಗಿನ ಸ್ವರ ನಡುಗುತ್ತದೆ.

ಏಳನ್ನು ಊದಿ ನೋಡಿದೆ. ಎಲ್ಲಕ್ಕಿಂತ ಸಣ್ಣದರಲ್ಲಿ ಸ್ವರ ಕದಲದೆ ನಿಂತಿತು. ಸಣ್ಣದು ಉಸಿರು ಸಾಲದವರಿಗೆ ಅನ್ನುತ್ತಾರಲ್ಲ, ನಾಚಿಕೆಯಾಗಿ ಅದನ್ನು ಬದಿಗಿಟ್ಟೆ.

“ನಿಮ್ಮಣ್ಣನೂ ಹೀಗೇ ಮಾಡಿದ್ರು,” ಎಂದರು ಹಿನೆಕ್. “ಹಲ್ಲು ಕಟ್ಟಿಸ್ಕೊಂಡ ವರ್ಷ ಇದೇ ಅಳತೇದು ಊದಿ ಖುಷಿಪಟ್ರು. ಆಮೇಲೆ, ‘ಬೇಡಪ್ಪಾ, ಬ್ಯಾಂಡಿನವರ ಮುಂದೆ ತಮ್ಮ ಆಡ್ಕೋತಾನೆ’ ಅಂತ ವಾಪಸ್ ಇಟ್ರು.”

ನೀನು ಟ್ಯೂಬಾ ನನ್ನ ಕೈಗೆ ಕೊಟ್ಟದ್ದು ಅದೇ ವರ್ಷ. ಊದುವಷ್ಟು ಉಸಿರು ನಿನ್ನಲ್ಲಿ ಉಳಿದಿಲ್ಲವೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಸಣ್ಣದನ್ನೇ ತಂದಿದ್ದೇನೆ. ಭಾನುವಾರ ತಾಲೀಮಿದೆ. ಆಡಿಕೊಳ್ಳಲು ನನಗೆ ತಮ್ಮನಿಲ್ಲ.