ಮೊದಲ ಹಳ್ಳದ ತಳ

ಕ್ಯೋಟೊ
13 ಅಕ್ಟೋಬರ್ 2016

ಪ್ರೀತಿಯ ತಂಗಿ ಮಿಸಾವೊ,

ಹೇಗಿದ್ದೀಯಮ್ಮಾ? ಕುಶಿರೊದಲ್ಲಿ ಚಳಿ ಶುರುವಾಗಿರಬೇಕು, ಮಂಡಿನೋವು ಹೇಗಿದೆ? ನೀನು ಕಳಿಸಿದ ಉಪ್ಪುಮೀನು ತಲುಪಿತು. ತಿಂದೆ, ರುಚಿ ಮಾತ್ರ ಗೊತ್ತಾಗಲಿಲ್ಲ. ಎರಡು ದಿನದಿಂದ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. "ರೀ, ಒಂದ್ಕಡೆ ಕೂತ್ಕೊಳ್ರೀ, ಚಾಪೆ ಸವೆದುಹೋಯ್ತು" ಎಂದು ನಿನ್ನ ಅತ್ತಿಗೆ ಗೊಣಗುತ್ತಿದ್ದಾಳೆ.

ಓಡುತ್ತ ಹಾರುತ್ತ ಹೋಗುವ ನಮ್ಮ ಆ ವಿಡಿಯೋ ಆಟಕ್ಕೆ ಮೂವತ್ತು ವರ್ಷ ತುಂಬಿತು. ಹೊಸದಾಗಿ ಹೊರತರುತ್ತಿದ್ದಾರೆ. ಮಂಗಳವಾರ ಆಫೀಸಿನ ಹೊಸಬರು ಆಗ ನಾನು ಮೊದಲ ಹಂತದ ನಕ್ಷೆ ಬರೆದಿದ್ದ ಚೌಕಳಿ ಹಾಳೆಯನ್ನು ಹುಡುಕಿ ತಂದರು. ಅದರ ಮೇಲೆ ನಿನ್ನ ಕೆಂಪು ಪೆನ್ಸಿಲ್ ಗೆರೆ! ನಾನು ಬರೆದ ಹಳ್ಳಕ್ಕೆ ತಳವಿರಲಿಲ್ಲ, ಬಿದ್ದರೆ ಸತ್ತಂತೆಯೇ. ನೀನೋ ಹಾಳೆ ನೋಡಿ ಯಂತ್ರಕ್ಕೆ ಅಂಕಿ ಕುಟ್ಟುವವಳು, ನನ್ನನ್ನು ಕೇಳದೆ ಮೊದಲ ಹಳ್ಳಕ್ಕೊಂದು ತಳ ಹಾಕಿಬಿಟ್ಟೆ. ನಾನು ಎಷ್ಟು ರೇಗಿದ್ದೆ! "ಕುಟ್ಟೋ ಕೆಲಸ ನೋಡ್ಕೋ, ಯೋಚನೆ ಮಾಡೋಕೆ ನಾವಿದ್ದೀವಿ." ನೀನು ಹೆದರಲಿಲ್ಲ. "ಬಿದ್ದೋರು ಒಂದ್ಸಲ ಎದ್ದು ಕಲೀಲಿ ಬಿಡಣ್ಣಾ. ಮುಂದಿನ ಹಳ್ಳದಲ್ಲಿ ಬೇಕಾದ್ರೆ ಸಾಯಿಸ್ಕೋ." ಆಫೀಸಿನ ಅಡುಗೆಮನೆಯ ಟೋಕು ಅಜ್ಜಿಯನ್ನು ಆಡಲು ಕೂರಿಸಿದೆವು, ನೆನಪಿದೆಯಾ? ಬಿದ್ದಳು, ಬೆದರಿ ಬಟನ್ ಒತ್ತಿದಳು, ಹಾರಿ ಮೇಲೆ ಬಂದಳು. ಮುಂದಿನ ಹಳ್ಳವನ್ನು ತಾನಾಗಿಯೇ ದಾಟಿ ಚಪ್ಪಾಳೆ ತಟ್ಟಿಕೊಂಡಳು. ನಾನು ನಿನ್ನ ತಳವನ್ನು ಹಾಗೇ ಉಳಿಸಿಕೊಂಡೆ.

ಅಷ್ಟರಲ್ಲಿ ನಿನ್ನ ಮದುವೆ ಗೊತ್ತಾಯಿತು. ಮದುವೆಯಾಗುವ ಹುಡುಗಿ ಕೆಲಸ ಬಿಡುವುದು ಆಗಿನ ವಾಡಿಕೆ. ಹೂಗುಚ್ಛ ಕೊಟ್ಟು ಕಳಿಸಿದರು, ನಾನೂ ಸಾಲಿನಲ್ಲಿ ನಿಂತು ತಲೆಬಾಗಿದೆ. ಬೇರೆ ಕಂಪನಿಯವರು ಎಳೆದುಕೊಂಡು ಹೋಗಬಾರದೆಂದು ಆಟದ ಕೊನೆಯಲ್ಲಿ ಬರುವ, ಅದನ್ನು ಮಾಡಿದವರ ಪಟ್ಟಿಯಲ್ಲಿ ನಮಗೆಲ್ಲ ಅಡ್ಡಹೆಸರು. ನಿನಗೆ ಅದೂ ಇಲ್ಲ. ಈಗ ಎಷ್ಟೋ ಆಟಗಳ ಶುರುವಿನಲ್ಲಿ ಸಾಯಿಸದ ಹಳ್ಳವೊಂದು ಇರುತ್ತದೆ, ನಮ್ಮ ಹುಡುಗರು ನನ್ನದೇ ಯೋಚನೆ ಎಂದುಕೊಂಡು ಅದನ್ನು 'ಕುರಾಮೊಚಿ ಹಳ್ಳ' ಎನ್ನುತ್ತಾರೆ. ನಾನು ತಲೆಯಾಡಿಸುತ್ತಲೇ ಬಂದೆ. ನಮ್ಮ ಮನೆತನದ ಹೆಸರೇ ತಾನೆ, ನಿನ್ನದೂ ಅದೇ ಆಗಿತ್ತಲ್ಲ ಎಂದುಕೊಂಡೆ. ಥೂ, ಎಂಥ ಸಮಾಧಾನವೋ! ಮಂಗಳವಾರ ಒಬ್ಬ ಹುಡುಗಿ, "ಸಾರ್, ಈ ಕೆಂಪು ಗೆರೆ ನಿಮ್ದೇ ಅಲ್ವಾ?" ಎಂದಳು. "ಅಲ್ಲಮ್ಮಾ, ನನ್ನ ತಂಗೀದು" ಎಂದುಬಿಟ್ಟೆ. ನಾಚಿಕೆಯಾಗುತ್ತಿದೆ ಮಿಸಾವೊ, ಮೂವತ್ತು ವರ್ಷ ತಡವಾಯಿತು.

ಯಜಮಾನರಿಗೆ ನಮಸ್ಕಾರ ಹೇಳು. ಬೆಚ್ಚಗಿರು, ಸುಖವಾಗಿರು.

ನಿನ್ನ ಅಣ್ಣ,
ಶಿಗೆಹಿಸಾ

ಮರೆತೇಬಿಟ್ಟಿದ್ದೆ: ಈ ಸಲದ ಪಟ್ಟಿಯಲ್ಲಿ ನಿಜವಾದ ಹೆಸರುಗಳು ಬರುತ್ತವೆ. ನನ್ನ ಹೆಸರಿಗಿಂತ ಮೇಲಿನ ಸಾಲಿನಲ್ಲಿ 'ಮೊದಲ ಹಳ್ಳ' ಎಂದು ಬರೆಸಿ, ಪಕ್ಕದಲ್ಲಿ ನಿನ್ನ ಹೆಸರಿಗೆ ಜಾಗ ಖಾಲಿ ಬಿಡಿಸಿದ್ದೇನೆ. ಮದುವೆಗೆ ಮುಂಚಿನ ಹೆಸರೋ, ಈಗಿನದೋ? ಮುಂದಿನ ಶುಕ್ರವಾರದೊಳಗೆ ಫೋನ್ ಮಾಡು. ಬೈಯುವುದಿದ್ದರೆ ಮೊದಲು ಬೈದು ಮುಗಿಸು. ಹೆಸರು ಹೇಳದೆ ಮಾತ್ರ ಫೋನ್ ಇಡಬೇಡ.