ನಿಮ್ಮ ಸೋರಿಕೆಯೋ, ನಮ್ಮ ಸೋರಿಕೆಯೋ?

ಆಸ್ಪತ್ರೆಯ ಮಾಹಿತಿ ಸುರಕ್ಷತಾ ಅಧಿಕಾರಿಗಳಿಗೆ,

ಇದನ್ನು ಓದುತ್ತಿರುವವರು ನೀವೇ ಆ ಅಧಿಕಾರಿಯಾಗಿದ್ದರೆ ಕೈಯಲ್ಲಿರುವ ಲೋಟ ಕೆಳಗಿಟ್ಟು ನೆಟ್ಟಗೆ ಕೂತು ಓದಿ. ಅಲ್ಲವಾದರೆ, ಯಾರೋ ಮುದುಕಿಯ ಕಾಯಿಲೆ ಕಟ್ಟಿಕೊಂಡು ನಿಮಗೇನಾಗಬೇಕು? ಕಂಡವರ ಗುಟ್ಟು ಎಂದರೆ ಕಣ್ಣು ಇಷ್ಟಗಲ ಆಗುತ್ತದೆ, ಅಲ್ಲವೇ? ಇರಲಿ, ಹೇಗೂ ಪತ್ರಿಕೆ ಬಿಡಿಸಿದ್ದೀರಿ, ಪೂರ್ತಿ ಓದಿ. ನಿಮ್ಮ ಕಡತವೂ ಅದೇ ಕಂಪ್ಯೂಟರಿನಲ್ಲಿ ಇದ್ದಿರಬಹುದು.

ಮಾನ್ಯರೇ, ನಿಮ್ಮ ಆಸ್ಪತ್ರೆಯ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿ ರೋಗಿಗಳ ಹೆಸರು, ವಯಸ್ಸು, ಫೋನ್ ನಂಬರು, ಕಾಯಿಲೆ ಎಲ್ಲವನ್ನೂ ಬಾಚಿಕೊಂಡು ಹೋದರು. ಅದರಲ್ಲಿ ನನ್ನದೂ ಹೋಯಿತು. ನನಗಿರುವ ತೊಂದರೆ ಏನೆಂದು ಈಗ ನಮ್ಮ ಬೀಗರಿಗೆ ಗೊತ್ತು, ನಿಮ್ಮ ಕೌಂಟರಿನ ಮುಂದೆ ಸಾಲು ನಿಂತವರಿಗೆ ಗೊತ್ತು, ಹಿರಿಯರ ಡೈಪರ್ ಮಾರುವ ಯಾವುದೋ ಕಂಪನಿಗೂ ಗೊತ್ತು. ಇನ್ನು ಮುಚ್ಚಿಟ್ಟು ಏನು ಉಳಿಸಲಿ? ನಾನೇ ಬರೆದುಬಿಡುತ್ತೇನೆ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಸೋರುತ್ತದೆ. ಈ ಸಾಲನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದೆ. ಹೊಡೆದು ಹಾಕಿದ್ದು ತಪ್ಪಿಗಲ್ಲ, ನಾಚಿಕೆಗೆ.

ಹೆತ್ತ ಮಗಳಿಗೂ ನಾನಿದನ್ನು ಹೇಳಿರಲಿಲ್ಲ. ಅವಳ ಮನೆಯಲ್ಲೇ ಇದ್ದುಕೊಂಡು, ಎಲ್ಲರಿಗಿಂತ ಮೊದಲು ಎದ್ದು ಬಟ್ಟೆ ಒಗೆದು, ತಂತಿಯ ಮೇಲೆ ದೊಡ್ಡ ಹೊದಿಕೆ ಹರವಿ ಅದರ ಮರೆಯಲ್ಲಿ ಒಣಗಿಸುತ್ತಿದ್ದೆ. ನಾಲ್ಕು ಜನ ಸೇರುವ ಕಡೆ ಹೋಗುವುದನ್ನು ಬಿಟ್ಟೆ. ನಗುವುದನ್ನೂ ಕಡಿಮೆ ಮಾಡಿದೆ; ಮುದುಕಿಗೆ ವಯಸ್ಸಾಗಿ ಮುಖ ಗಂಟಿಕ್ಕಿಕೊಂಡಿತು ಎಂದು ಮನೆಯವರು ತಿಳಿದರು. ಕೊನೆಗೆ ಮೊಣಕಾಲು ನೋವೆಂದು ಸುಳ್ಳು ಹೇಳಿ ನಿಮ್ಮಲ್ಲಿಗೆ ಬಂದು, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ಡಾಕ್ಟರಮ್ಮನಿಗೆ ಹೇಳಿದೆ. ಒಳ್ಳೆಯ ಹೆಣ್ಣುಮಗಳು. "ಇದಕ್ಕೆ ವ್ಯಾಯಾಮ ಇದೆ, ಮಾತ್ರೆ ಇದೆ. ನಾಚ್ಕೊಳ್ಳೋಕೆ ಏನಿದೆ ಅಜ್ಜಿ" ಎನ್ನುತ್ತಲೇ ಟಕಟಕನೆ ಎಲ್ಲವನ್ನೂ ಕಂಪ್ಯೂಟರಿಗೆ ಹೊಡೆದಳು. ಕೋಣೆಯ ಬಾಗಿಲು ಹಾಕಿದೆಯೇ ಎಂದು ನಾನು ತಿರುತಿರುಗಿ ನೋಡುತ್ತಿದ್ದೆ. ಕಂಪ್ಯೂಟರಿಗೂ ಒಂದು ಬಾಗಿಲಿರುತ್ತದೆ, ಅದನ್ನು ಹಾಕುವುದು ನಿಮ್ಮ ಕೆಲಸ ಎಂದು ನನಗೇನು ಗೊತ್ತು?

ನನಗೆ ಸ್ವಂತ ಫೋನಿಲ್ಲ, ಅಳಿಯನ ನಂಬರು ಬರೆಸಿದ್ದೆ. ಅಳಿಯ ಬಸ್ ಕಂಡಕ್ಟರು. ಚಿನ್ನದಂಥ ಮನುಷ್ಯ, ಆದರೆ ಅವನ ಗಂಟಲು ಮಾತ್ರ ಮನೆಯಲ್ಲೂ ಡ್ಯೂಟಿ ಮೇಲೆಯೇ ಇರುತ್ತದೆ. ಅವನ ತಂದೆ ತಾಯಿ, ಅಂದರೆ ನಮ್ಮ ಬೀಗರು, ಊಟಕ್ಕೆ ಬಂದ ದಿನವೇ ನಿಮ್ಮ ಸಂದೇಶ ಬರಬೇಕೇ?

"ಅತ್ತೆ, ನಿಮ್ಮ ಆಸ್ಪತ್ರೆಯಿಂದ ಮೆಸೇಜು" ಎಂದವನೇ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ಓದಿದ. "ಮಾನ್ಯ ರೋಗಿಯೇ, ನಿಮಗೆ ಸಂಬಂಧಿಸಿದ ಸೋರಿಕೆಯು ನಮ್ಮ ಗಮನಕ್ಕೆ ಬಂದಿದೆ. ಇದಕ್ಕಾಗಿ ವಿಷಾದಿಸುತ್ತೇವೆ. ಗಾಬರಿಯಾಗಬೇಡಿ. ಸೂಕ್ತ ಮುನ್ನೆಚ್ಚರಿಕೆ ವಹಿಸಿ."

ಕೈಯ ತುತ್ತು ಕೈಯಲ್ಲೇ ಉಳಿಯಿತು. ಡಾಕ್ಟರಮ್ಮ ಎಲ್ಲ ಹೇಳಿಬಿಟ್ಟಳಲ್ಲ ಎಂಬ ಗಾಬರಿಯಲ್ಲಿ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಈಗ ಅಷ್ಟಿಲ್ಲಪ್ಪ. ಕೆಮ್ಮಿದಾಗ ಮಾತ್ರ."

ಬೀಗರು ನೀರು ಕುಡಿದರು. ಬೀಗಿತ್ತಿ ನಾನು ಕೂತಿದ್ದ ಕುರ್ಚಿಯ ದಿಂಬಿನ ಕಡೆ ಒಮ್ಮೆ ನೋಡಿ, ನೋಡಲೇ ಇಲ್ಲವೇನೋ ಎಂಬಂತೆ ತಟ್ಟೆಗೆ ಬಗ್ಗಿದರು. "ಅತ್ತೆ, ಇದು ಕಂಪ್ಯೂಟರಿನ ವಿಷಯ. ಡೇಟಾ ಲೀಕು" ಎಂದ ಅಳಿಯ. ಅವನು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನೀವು ಸುಮ್ನೆ ಊಟ ಮಾಡಿ ಸಾಕು" ಎಂದಳು ಮಗಳು, ಗಂಡನಿಗೆ. ನಾನು ಎದ್ದು ಕೋಣೆ ಸೇರಿದವಳು, ಅವರು ಹೋಗುವವರೆಗೆ ಹೊರಗೆ ಬರಲಿಲ್ಲ.

"ಸೋರಿಕೆ" ಎಂಬುದರ ಮುಂದೆ "ಮಾಹಿತಿ" ಎಂಬ ಮೂರಕ್ಷರ ಹಾಕಲು ನಿಮ್ಮ ಕಚೇರಿಗೆ ಯಾವ ಕಷ್ಟ ಬಂದಿತ್ತು ಸ್ವಾಮಿ? ನಾನು ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಸೋರಿದ್ದು ಏನು, ಯಾರದ್ದು ಎಂದು ಬರೆಯಬೇಕೆನ್ನುವಷ್ಟು ವ್ಯಾಕರಣ ನಮಗೆ ಅಲ್ಲೇ ಹೇಳಿಕೊಟ್ಟಿದ್ದರು. ಸೋರಿಸಿದ್ದು ನೀವು, ವಿಷಾದವೂ ನಿಮ್ಮದು. ಮುನ್ನೆಚ್ಚರಿಕೆ ಮಾತ್ರ ನನ್ನ ಪಾಲಿಗೆ ಬಂತೇ?

ನಿಮ್ಮ ಲಿಫ್ಟಿನ ಪಕ್ಕ "ರೋಗಿಗಳು ಏನು ಮಾಡಬಹುದು" ಎಂಬ ಹಾಳೆಯೊಂದನ್ನು ಅಂಟಿಸಿದ್ದೀರಿ. ಪಾಸ್‌ವರ್ಡ್ ಬದಲಿಸಿ ಎಂದಿದೆ. ಬದಲಿಸೋಣ. ಹುಟ್ಟಿದ ದಿನವನ್ನು ಬದಲಿಸುವುದು ಹೇಗೆ? ಬಸಿರು ಬಾಣಂತನಗಳಲ್ಲಿ ಸಡಿಲವಾದ ಮೈಯನ್ನು ಯಾವ ಕೌಂಟರಿನಲ್ಲಿ ಬದಲಿಸಿ ಕೊಡುತ್ತೀರಿ? ಅಪರಿಚಿತರ ಕರೆ ನಂಬಬೇಡಿ ಎಂದಿದೆ. ಒಪ್ಪಿದೆ, ಅದೊಂದು ಸರಿಯಾದ ಮಾತು. ಆದರೆ ನನ್ನ ಹೆಸರು, ಡಾಕ್ಟರಮ್ಮನ ಹೆಸರು, ಮಾತ್ರೆಯ ಹೆಸರು ಎಲ್ಲ ಹೇಳಿ ಒಬ್ಬ ಫೋನು ಮಾಡಿದನಲ್ಲ, ಅವನು ಅಪರಿಚಿತ ಹೇಗಾದಾನು? ನಮ್ಮ ಮನೆಯವರಿಗಿಂತ ಅವನಿಗೇ ನನ್ನ ಪರಿಚಯ ಹೆಚ್ಚು. ಆಪರೇಷನ್‌ಗೆ ಹೆಸರು ಬರೆಸಬೇಕು, ಫೋನಿಗೆ ಬರುವ ಓಟಿಪಿ ಹೇಳಿ ಎಂದನಂತೆ. ಅಳಿಯ ಆಗ ತುಂಬಿದ ಬಸ್ಸಿನಲ್ಲಿದ್ದ. "ನಿಮ್ಮ ಸ್ಟಾಪ್ ಬಂತು, ಇಳ್ಕೊಳಿ ಸಾರ್" ಎಂದು ಫೋನಿಟ್ಟ. ಅವನಿಗೆ ಮೋಸ ಹೊಳೆಯಿತು. ನಾನೇ ಎತ್ತಿದ್ದರೆ, ಆಸ್ಪತ್ರೆಯವರು ಎಷ್ಟು ಒಳ್ಳೆಯವರು, ಮನೆತನಕ ವಿಚಾರಿಸುತ್ತಾರೆ ಎಂದುಕೊಂಡು ಕೇಳಿದ್ದನ್ನೆಲ್ಲ ಹೇಳಿರುತ್ತಿದ್ದೆ.

ಹಾಳೆಯ ಕೊನೆಗೆ "ಹೆಚ್ಚಿನ ನೆರವಿಗೆ ಸಹಾಯ ಕೇಂದ್ರ" ಎಂದಿತ್ತು. ಹೋದೆ. ದಪ್ಪ ಗಾಜು, ಅದರಲ್ಲೊಂದು ತೂತು, ಆಚೆಗೊಬ್ಬ ಹುಡುಗಿ, ಈಚೆಗೆ ನನ್ನ ಬೆನ್ನಿಗೆ ಅಂಟಿಕೊಂಡು ಜನ.

"ಸೋರಿಕೆ ವಿಷಯ ಕೇಳೋಕೆ ಬಂದೆ ಕಣಮ್ಮ."

"ಜೋರಾಗಿ ಹೇಳಿ ಅಜ್ಜಿ, ಕೇಳಿಸ್ತಿಲ್ಲ."

"ಜೋರಾಗಿ ಹೇಳೋ ವಿಷಯ ಅಲ್ಲಮ್ಮ ಇದು."

ನನ್ನ ಆಸ್ಪತ್ರೆ ಚೀಟಿಯನ್ನು ತೂತಿನಲ್ಲಿ ತೂರಿಸಿದೆ. ಅವಳು ಅದರ ನಂಬರು ಒತ್ತಿ ಪರದೆ ನೋಡಿದಳು, ನನ್ನನ್ನು ನೋಡಿದಳು. "ಯಾವ ಸೋರಿಕೆ ಅಜ್ಜಿ, ನಿಮ್ಮದಾ ನಮ್ಮದಾ? ನಿಮ್ಮದಾದ್ರೆ ಎರಡನೇ ಮಹಡಿ. ನಮ್ಮದಾದ್ರೆ ಇಲ್ಲೇ ಟೋಕನ್ ತಗೊಳ್ಳಿ."

ಹಿಂದೆ ನಿಂತಿದ್ದಾತ ಒಂದು ಹೆಜ್ಜೆ ಸರಿದು ನಿಂತ. ಆ ಹುಡುಗಿಯದು ತಪ್ಪೆನ್ನಲಾರೆ, ಪಾಪ, ಪರದೆಯಲ್ಲಿ ಇದ್ದದ್ದನ್ನು ಓದಿದಳು. ನನ್ನ ಗುಟ್ಟನ್ನು ಅವಳ ಪರದೆಯ ಮೇಲೆ ಇಟ್ಟವರು ಯಾರು? ಕಳ್ಳರು ಕಂಪ್ಯೂಟರಿನಿಂದ ಕದ್ದದ್ದನ್ನು ನೀವು ತೂತಿನ ಮೂಲಕ ಪುಕ್ಕಟೆ ಹಂಚುತ್ತಿದ್ದೀರಿ. ಟೋಕನ್ ತೆಗೆದುಕೊಳ್ಳದೆ ಬಂದುಬಿಟ್ಟೆ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಮುದುಕಿಯ ಮಾನ, ಹೋದದ್ದು ಹೋಯಿತು ಎಂದು ಸುಮ್ಮನಿರುತ್ತಿದ್ದೆ. ಆದರೆ ನನಗೆ ಬೇಕಾದ ಒಬ್ಬ ಹೆಂಗಸು ಇದ್ದಾಳೆ. ಅವಳು ನನಗೆ ಏನಾಗಬೇಕು, ನನ್ನನ್ನು ಏನೆಂದು ಕರೆಯುತ್ತಾಳೆ, ಅವಳಿಗೆ ಎಲ್ಲಿ ಏನಾಗಿದೆ, ಒಂದನ್ನೂ ಬರೆಯುವುದಿಲ್ಲ. ಗುಟ್ಟು ಕಾಯುವುದು ಹೇಗೆಂದು ಇಲ್ಲೇ ನೋಡಿ ಕಲಿಯಿರಿ. ತಡಮಾಡಿದರೆ ಜೀವಕ್ಕೆ ಬರುವಂಥದ್ದು ಎಂದಷ್ಟು ತಿಳಿದರೆ ಸಾಕು. ಅವಳು ಎಷ್ಟೋ ಕಾಲ ಮೈಯಲ್ಲಿ ಮುಚ್ಚಿಟ್ಟುಕೊಂಡಿದ್ದನ್ನು ನನ್ನೊಬ್ಬಳಿಗೆ ಹೇಳಿದಳು. ಬೇಡಿಕೊಂಡು, ಗದರಿಸಿ, ನಿಮ್ಮ ಆಸ್ಪತ್ರೆಯಲ್ಲೇ ತೋರಿಸಲು ಒಪ್ಪಿಸಿದ್ದೆ. ಅವಳಿಗೆ ಸಿಕ್ಕಿರುವ ತಾರೀಖು ಮುಂದಿನ ತಿಂಗಳಲ್ಲಿದೆ. ನನ್ನ ಊಟದ ದಿನದ ಸುದ್ದಿ ಅವಳ ಕಿವಿಗೂ ಬಿತ್ತು. ಈಗ ಅವಳು ಅನ್ನುವುದು ಒಂದೇ. "ತೋರಿಸಿದ್ರೆ ಬರ್ಕೊಳ್ತಾರೆ. ಬರ್ಕೊಂಡ್ರೆ ಎಲ್ಲರ ಬಾಯಿಗೆ ಹೋಗುತ್ತೆ. ನಾನು ಹೋಗಲ್ಲ."

ನನಗೆ ನಿಜವಾಗಿ ನಾಚಿಕೆಯಾಗಿರುವುದು ಇಲ್ಲಿ. ಬಟ್ಟೆ ಒದ್ದೆಯಾದದ್ದಕ್ಕಲ್ಲ. ಆ ದಿನ ನಾನು ಕೋಣೆ ಸೇರದೆ, "ಹೌದು ಬೀಗಿತ್ತಿ, ಸೋರುತ್ತೆ, ನಿಮಗೂ ವಯಸ್ಸಾಗುತ್ತೆ ಇರಿ" ಎಂದು ನಕ್ಕು ಊಟ ಮುಗಿಸಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲವೇನೋ. ನಾನು ತಲೆ ತಗ್ಗಿಸಿದ್ದನ್ನು ಕೇಳಿ ಅವಳೂ ತಲೆ ತಗ್ಗಿಸಿದಳು. ಅದಕ್ಕೇ ಮನೆಯ ಮಾತನ್ನು ಪತ್ರಿಕೆಗೆ ತಂದಿದ್ದೇನೆ. ತಲೆ ತಗ್ಗಿಸಬೇಕಾದವರು ನಾವಲ್ಲ ಎಂದು ಅವಳಿಗೆ ತೋರಿಸಬೇಕಾಗಿದೆ.

ನಿಮ್ಮ ಹಾಳೆಯಲ್ಲಿ ಬಿಟ್ಟುಹೋದದ್ದನ್ನು ನಾನು ಸೇರಿಸುತ್ತೇನೆ: ರೋಗಿಗಳು ಕೇಳಬಹುದು. ನನ್ನದು ಏನೇನು ಹೋಗಿದೆ, ಯಾವಾಗ ಹೋಯಿತು, ನಿಮಗೆ ಗೊತ್ತಾದ ಮೇಲೆ ನನಗೆ ಹೇಳಲು ಎಷ್ಟು ದಿನ ತೆಗೆದುಕೊಂಡಿರಿ, ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಬಹುದು. ನೀವು ಹೇಳದಿದ್ದರೆ ನಿಮ್ಮ ಮೇಲಿನವರಿಗೆ ದೂರು ಕೊಡಬಹುದು. ನಾನು ಕೇಳುತ್ತಿದ್ದೇನೆ. ಸಾಲಿನಲ್ಲಿ ನಿಂತಿದ್ದವರೂ ಕೇಳಲಿ. ಜೊತೆಗೆ, ಆ ತೂತಿನ ಗಾಜಿನ ಬದಲು ಬಾಗಿಲಿರುವ ಒಂದು ಕೋಣೆ ಕೊಡಿ. ಹೊಸದಾಗಿ ಬರುವವರ ಕಾಯಿಲೆಯನ್ನು, ಅವರನ್ನು ನೋಡುವ ಡಾಕ್ಟರ ಹೊರತು ಬೇರಾರೂ ಓದದಂತೆ ಏನು ಮಾಡಿದ್ದೀರಿ ಎಂದು ಒಂದು ಕಾಗದದಲ್ಲಿ ತಿಳಿಸಿ. ಕೆಳಗೆ ನಿಮ್ಮ ಹುದ್ದೆ ಬೇಡ, ಹೆಸರು ಹಾಕಿ ಸಹಿ ಮಾಡಿ. ನನ್ನ ಒಳಗಿನದೆಲ್ಲ ನಿಮಗೆ ಗೊತ್ತು, ನಿಮ್ಮ ಹೆಸರಾದರೂ ನನಗೆ ಗೊತ್ತಿರಲಿ.

ಆ ಕಾಗದವನ್ನು ನಾನು ಯಾರ ಮುಂದೆಯೂ ಗಟ್ಟಿಯಾಗಿ ಓದುವುದಿಲ್ಲ. ಅವಳ ಕೈಗೆ ಕೊಟ್ಟು, ಓದಿಕೋ, ಆಮೇಲೆ ಹೊರಡೋಣ ಎನ್ನುತ್ತೇನೆ. ಅಳಿಯನ ಫೋನಿಗೆ ಮಾತ್ರ ಕಳಿಸಬೇಡಿ. ಲಕೋಟೆಯಲ್ಲಿಟ್ಟು, ಅದರ ಬಾಯಿಗೆ ಸರಿಯಾಗಿ ಅಂಟು ಹಾಕಿ, ಪತ್ರಿಕೆಯವರ ಬಳಿ ಇರುವ ನನ್ನ ವಿಳಾಸಕ್ಕೆ ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.

ಇಂತಿ,
ನಿಮ್ಮ ಕಂಪ್ಯೂಟರಿಗೂ ನಮ್ಮ ಬೀಗರಿಗೂ ಚೆನ್ನಾಗಿ ಗೊತ್ತಿರುವ,
ಎರಡನೇ ಮಹಡಿಯ ಅಜ್ಜಿ