ಜೂನ್ ಮುಗಿಯದ ಊರು

ಜೂನ್ ನಲವತ್ತೇಳು, 2291. ಮೆಡಿಟರೇನಿಯನ್ ತೀರದ ಲಿವಾದೊರ ಎಂಬ ಊರು. ಮಧ್ಯಾಹ್ನ ಒಂದು ಗಂಟೆ, ನೆರಳಿನಲ್ಲಿ ನಲವತ್ತೊಂಬತ್ತು ಡಿಗ್ರಿ. ನಾಳೆ ಬೆಳಿಗ್ಗೆ ಆರಕ್ಕೆ ಪ್ರವಾಸಿಗಳ ದೋಣಿ ಹೊರಡುತ್ತದೆ. ಅದರಲ್ಲಿ ನನಗೊಂದು ಜಾಗವಿದೆ, ನನ್ನ ತಮ್ಮನಿಗಿಲ್ಲ.

ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಕನ್ನಡ ಓದುತ್ತಿದ್ದ ನಿಮಗೆ ಇದನ್ನು ಬರೆಯುತ್ತಿದ್ದೇನೆ. ತಾರೀಖು ಕಂಡು ಕೈತಪ್ಪು ಎಂದುಕೊಂಡಿರಬಹುದು, ಅಲ್ಲ. ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸುತ್ತವೆ, ಅದಕ್ಕೆ ಕ್ಷಮೆಯಿರಲಿ. ನಿಮ್ಮ ಕಾಲದಲ್ಲಿ ಕನ್ನಡಕ್ಕೆ ಅನುವಾದವಾದ ಕಾದಂಬರಿಗಳನ್ನು ನಾನು ತುಂಬ ಓದಿದ್ದೇನೆ. ಅವುಗಳಲ್ಲಿ ಜನ ಬೇಸಿಗೆಗೆ ಈ ಸಮುದ್ರಕ್ಕೆ ಬರುತ್ತಾರೆ, ಬೇಸರಪಡುತ್ತಾರೆ, ಯಾರನ್ನೋ ಪ್ರೀತಿಸುತ್ತಾರೆ, ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಕಟ್ಟಿ ಮರಳುತ್ತಾರೆ. ಮರಳುವುದಕ್ಕೆ ಅರ್ಧ ಪುಟಕ್ಕಿಂತ ಹೆಚ್ಚು ಖರ್ಚು ಮಾಡಿದ ಲೇಖಕರನ್ನು ನಾನು ಕಂಡಿಲ್ಲ. ಅದು ಅಷ್ಟು ಸುಲಭವಾಗಿತ್ತೆಂದು ಕಾಣುತ್ತದೆ.

ನಮ್ಮದು ಗದಗಿನ ಕಡೆಯ ನೆಲಮನೆ, ಎಂದರೆ ಎರಡಾಳು ಆಳಕ್ಕೆ ಅಗೆದು ಕಟ್ಟಿದ್ದು. ಹಗಲೆಲ್ಲ ಅದರೊಳಗೆ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಗೆ ಬರುತ್ತೇವೆ. ನನ್ನ ತಮ್ಮ ಚನ್ನವೀರ ಫೆಬ್ರವರಿಯಲ್ಲಿ ಈ ಊರಿಗೆ ಗದ್ದಲಿಗನಾಗಿ ಬಂದ. ಜೂನ್ ಮುಗಿದ ಕೂಡಲೇ ಬರುತ್ತೇನೆಂದು ಮಗಳು ಸಿರಿಗೌರಿಗೆ ಮಾತು ಕೊಟ್ಟಿದ್ದ. ಅವಳಿಗೆ ಒಂಬತ್ತು ವರ್ಷ, ತಾಯಿಯಿಲ್ಲ. ಮೂವತ್ತನೇ ತಾರೀಖು ಕಳೆದರೂ ಅಪ್ಪ ಬರಲಿಲ್ಲವೆಂದು, ಅವನನ್ನು ಕರೆದುಕೊಂಡು ಬಾ ಎಂದು ನನ್ನನ್ನು ಕಳುಹಿಸಿದಳು. ಪ್ರವಾಸಿಯ ಚೀಟಿ ಕೊಂಡು ಬಂದೆ.

ಗದ್ದಲಿಗರ ಕೆಲಸವೆಂದರೆ ಊರಿನ ಗದ್ದಲ ಕಡಿಮೆಯಾಗದಂತೆ ನೋಡಿಕೊಳ್ಳುವುದು. ಲಿವಾದೊರದಲ್ಲಿ ಹುಟ್ಟಿದವರು ಯಾರೂ ಉಳಿದಿಲ್ಲ. ಆದರೂ ಪ್ರವಾಸಿಗಳಿಗೆ ಊರು ಬೇಕು. ಹೀಗಾಗಿ ದಂಡೆಯ ಉದ್ದಕ್ಕೂ ಸುಮಾರು ಎರಡು ಸಾವಿರ ಜನ ಬೆಳಿಗ್ಗೆ ಒಂಬತ್ತರಿಂದ ತಮ್ಮ ತಮ್ಮ ಜಾಗಗಳಲ್ಲಿರುತ್ತಾರೆ. ಕೆಂಪು ಛತ್ರಿಯಡಿ ಒಬ್ಬಳು ಗಟ್ಟಿಯಾಗಿ ನಗುತ್ತಾಳೆ. ಬಾಲ್ಕನಿಯಿಂದ ಇನ್ನೊಬ್ಬಳು ಟವೆಲ್ ಕೊಡವುತ್ತ ಕೆಳಗಿನವರ ಜೊತೆ ಜಗಳ ಕಾಯುತ್ತಾಳೆ. ಮೀನಿನ ಹೋಟೆಲಿನಲ್ಲಿ ನಿಂಬೆಹಣ್ಣು ಮಾತ್ರ ನಿಜವಾದದ್ದು. ಗಂಟೆ ಬಾರಿಸಿದಾಗ ಪ್ರವಾಸಿಗಳು ಸಮುದ್ರಕ್ಕಿಳಿದು ನಾಲ್ಕು ನಿಮಿಷ ಕಣಕಾಲಿನವರೆಗಿನ ನೀರಿನಲ್ಲಿ ನಿಲ್ಲುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ನೀರು ಚರ್ಮ ಸುಡುತ್ತದೆ. ಆಮೇಲೆ ತಣ್ಣನೆಯ ಕೋಣೆಗೆ ಹೋಗಿ ಗಾಜಿನ ಹಿಂದಿನಿಂದ ಊರನ್ನು ನೋಡುತ್ತಾರೆ. ಗದ್ದಲಿಗರಿಗೆ ಗಾಜಿಲ್ಲ.

ಚನ್ನವೀರನದು ಚೌಕದ ಮೂಲೆಯ ಕುರ್ಚಿ. ಅಲ್ಲಿ ಕೂತಷ್ಟು ಹೊತ್ತು ಅವನ ಹೆಸರು ಮಾರಿಯೊ. ಎದುರಿಗೆ ಸಿಂಹಳದ ಮುದುಕನೊಬ್ಬ. ಇಬ್ಬರೂ ದಿನವಿಡೀ ಆಟದ ಹಲಗೆಯ ಮೇಲೆ ಕಾಯಿ ನಡೆಸುತ್ತ ಮೋಸ ಮೋಸ ಎಂದು ಕೂಗಾಡಬೇಕು. ಯಾವ ಭಾಷೆಯಲ್ಲೆಂದು ನಿಯಮವಿಲ್ಲ. ನಾನು ಬಂದ ದಿನ ಆ ಚೌಕದಲ್ಲಿ ಮೊದಲು ಕಿವಿಗೆ ಬಿದ್ದದ್ದು ಗದಗಿನ ಕನ್ನಡ: “ಏ ಮುದಕಪ್ಪಾ, ಕಾಯಿ ಸರಸಿದ್ದು ನೋಡೇನಿ ನಾ. ನಿಮ್ಮಪ್ಪ ಹಿಂಗ ಆಡ್ತಿದ್ನೇನು?” ಮುದುಕ ತನ್ನ ಭಾಷೆಯಲ್ಲಿ ಅದಕ್ಕಿಂತ ಉದ್ದದ್ದೇನೋ ಬೈದ. ಗಾಜಿನ ಹಿಂದೆ ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ನನಗೂ ನಗು ಬಂತು. ನನ್ನನ್ನು ಕಂಡ ಚನ್ನವೀರ ಆಟ ನಿಲ್ಲಿಸದೆ, ಕಾಯಿಯತ್ತಲೇ ನೋಡುತ್ತ, ಅದೇ ಜಗಳದ ದನಿಯಲ್ಲಿ, ಯಾವಾಗ ಬಂದೆ, ಊಟ ಆತೇನು, ಗೌರಿ ಹೆಂಗದಾಳ ಎಂದು ಕೇಳಿದ.

ಅವನು ನಾಲ್ಕನೆಯ ಮಾರಿಯೊ ಎಂದು ಗೊತ್ತಾದದ್ದು ಮೂರನೆಯ ದಿನ. ಮೊದಲಿನ ಮೂವರು ಎಲ್ಲಿ ಎಂದೆ. ನೆರಳಿಗೆ ಹೋದರು ಎಂದ. ವಿಶ್ರಾಂತಿಗೆ ಎಂದುಕೊಂಡೆ. ಮರುದಿನ ಬಾಲ್ಕನಿಯ ಹೆಂಗಸು ಟವೆಲ್ ಹಿಡಿದಂತೆಯೇ ಕುಸಿದಳು. ಕಾಲು ಗಂಟೆಯಲ್ಲಿ ಬೇರೊಬ್ಬಳು ಅಲ್ಲಿ ನಿಂತು ಅದೇ ಜಗಳ ಮುಂದುವರಿಸಿದಳು, ಕೆಳಗಿನವರು ಹಳೆಯ ಹೆಸರಿನಿಂದಲೇ ಕರೆದರು. ಮೊದಲಿನವಳು ನೆರಳಿಗೆ ಹೋದಳೆಂದು ಹೇಳಿದರು. ಹೆಣವನ್ನು ನಾನು ನೋಡಿದ್ದೆ.

ಜುಲೈ ಒಂದರಿಂದ ಈ ತೀರದ ಬಯಲಿನಲ್ಲಿ ಯಾರನ್ನೂ ದುಡಿಸುವಂತಿಲ್ಲ ಎಂದು ಕಾನೂನಿದೆ. ಗದ್ದಲಿಗರನ್ನು ಊರಿಗೊಯ್ಯುವ ಹಡಗು ಬರುವುದೂ ಅಂದೇ. ಬಹಳ ಹಿಂದೆ ಒಂದು ವರ್ಷ, ಪ್ರವಾಸಿಗಳು ಇನ್ನೂ ಇದ್ದಾರೆಂದು ಪುರಸಭೆ ಜೂನ್ ತಿಂಗಳನ್ನು ಎರಡು ದಿನ ಮುಂದುವರಿಸಿತು. ಯಾರೂ ತಕರಾರು ಮಾಡಲಿಲ್ಲ. ಮರುವರ್ಷ ಐದು ದಿನ. ಹೋದ ವರ್ಷ ಎಪ್ಪತ್ತೊಂದಕ್ಕೆ ಮುಗಿಯಿತಂತೆ. ಈ ಸಲ ಯಾವಾಗ ಎಂದು ಪುರಸಭೆಯಲ್ಲಿ ವಿಚಾರಿಸಿದೆ. ಕಿಟಕಿಯ ಹೆಂಗಸು ತುಂಬ ಸಭ್ಯವಾಗಿ, ಇದು ಇನ್ನೂ ಜೂನ್ ಎಂದಳು. ತಮ್ಮನನ್ನು ನನ್ನ ಜೊತೆ ಬಿಡಿ ಎಂದೆ. ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತರೆ ಬಿಡಬಹುದು, ಪ್ರವಾಸಿಯಾದರೂ ಆದೀತು ಎಂದಳು. ನನ್ನ ಹೆಸರು ಬರೆದುಕೊಳ್ಳಲು ಪೆನ್ನು ಎತ್ತಿದಳು. ನಾನು ಯೋಚಿಸಿ ಹೇಳುತ್ತೇನೆಂದೆ.

ಚನ್ನವೀರನಿಗೆ ಇದನ್ನು ಹೇಳಿದಾಗ ಅವನು ಒಪ್ಪಲಿಲ್ಲ. “ನೆಲಮನ್ಯಾಗ ಹಗಲೆಲ್ಲಾ ಬಿದ್ಕೊಂಡಿರೂದು ಬದುಕೇನಕ್ಕಾ? ಇಲ್ಲಿ ಸುಳ್ಳಾದ್ರೂ ಮಂದಿ ನಗ್ತಾರ. ಜೂನ್ ಮುಗೀಲಿ, ಬರ್ತೀನಿ. ತಾರೀಖಂದಮ್ಯಾಲ ಮುಗೀಲೇಬೇಕಲ್ಲ.”

“ಮುಗಿಯೂದಿಲ್ಲೋ ತಮ್ಮಾ,” ಎಂದೆ.

ಅವನು ನಕ್ಕ. ಅದು ಮಾರಿಯೊನ ನಗುವೋ ಅವನದೋ ನನಗೆ ತಿಳಿಯಲಿಲ್ಲ.

ಮೊನ್ನೆ, ನಲವತ್ತೈದರಂದು, ಅವನಿಗೆ ಬೆವರು ನಿಂತಿತು. ಮೈ ಒಣಗಿ ಕಾದ ಹಂಚಿನಂತಿತ್ತು. ಮಂಜುಗಡ್ಡೆಯ ಕೋಣೆಗೆ ಒಯ್ದರು. ಅಷ್ಟು ಹೊತ್ತು ಕುರ್ಚಿ ಖಾಲಿಯಿರಬಾರದೆಂದು ನಾನೇ ಕೂತೆ. ಇದನ್ನು ಇದ್ದಂತೆ ಬರೆಯಬೇಕು. ಕೂತಾಗ ಅವನ ಬದಲು ನಾನೇ ಉಳಿಯುತ್ತೇನೆಂದು ನಿಜವಾಗಿಯೂ ಅಂದುಕೊಂಡಿದ್ದೆ. ಗೌರಿಗೆ ಅತ್ತೆಗಿಂತ ಅಪ್ಪ ಮುಖ್ಯ, ಅದರಲ್ಲಿ ಲೆಕ್ಕ ಹಾಕುವುದೇನೂ ಇರಲಿಲ್ಲ. ಸಿಂಹಳದ ಮುದುಕ ನನ್ನನ್ನು ಮಾರಿಯೊ ಎಂದು ಕರೆದು ಕಾಯಿ ನಡೆಸಿದ. ಬಿಸಿಲು ಕುತ್ತಿಗೆಯ ಹಿಂಭಾಗದಿಂದ ತಲೆಯೊಳಗೆ ಇಳಿಯುತ್ತದೆ, ಆಮೇಲೆ ನೋವಿರುವುದಿಲ್ಲ. ನೋವು ನಿಂತ ಗಳಿಗೆಯಲ್ಲಿ ಎದ್ದು ಓಡಿದೆ. ಚೌಕದ ಗಡಿಯಾರದಲ್ಲಿ ನೋಡಿದೆ, ಹದಿನೇಳು ನಿಮಿಷ ಕೂತಿದ್ದೆ. ಅರ್ಧ ಗಂಟೆಯ ನಂತರ ಚನ್ನವೀರ ತಾನೇ ಗೋಡೆ ಹಿಡಿದುಕೊಂಡು ಬಂದು ಕೂತ. ಈಗಲೂ ಅಲ್ಲೇ ಇದ್ದಾನೆ. ನನ್ನ ಕೋಣೆಯವರೆಗೆ ಅವನ ದನಿ ಕೇಳುತ್ತಿದೆ, ನಿನ್ನೆಗಿಂತ ಸಣ್ಣಗೆ.

ನಿಮ್ಮಲ್ಲಿ ಒಂದು ಕೋರಿಕೆ. ಎರಡೇ ದಿನ ಎಂದು ಯಾರಾದರೂ ಮೊದಲ ಸಲ ಹೇಳಿದಾಗ ತಕರಾರು ಮಾಡಿ. ಆಗ ಮಾಡುವುದು ಹಾಸ್ಯಾಸ್ಪದವಾಗಿ ಕಾಣುತ್ತದೆ, ಗೊತ್ತಿದೆ. ನಮಗೆ ಕೇಳುವಷ್ಟು ಗಟ್ಟಿಯಾಗಿ ಮಾಡಿ. ನೀವು ಮಾಡಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ ಎಂಬುದೂ ಗೊತ್ತಿದೆ.

ನಾಳೆ ಆರಕ್ಕೆ ನಾನು ದೋಣಿ ಹತ್ತುತ್ತೇನೆ. ಅವನಿಗೆ ಹೇಳುವುದಿಲ್ಲ, ಒಂಬತ್ತಕ್ಕೆ ಕುರ್ಚಿಗೆ ಬಂದಾಗ ಅವನೇ ತಿಳಿದುಕೊಳ್ಳುತ್ತಾನೆ. ನಾಲ್ಕು ದಿನಗಳ ಪ್ರಯಾಣ. ನೆಲಮನೆಯ ಮೆಟ್ಟಿಲ ಮೇಲೆ ಸಿರಿಗೌರಿ ಕಾಯುತ್ತಿರುತ್ತಾಳೆ, ಅಪ್ಪ ಎಲ್ಲಿ ಎಂದು ಕೇಳುತ್ತಾಳೆ. ಇನ್ನೂ ಜೂನ್ ಮುಗಿದಿಲ್ಲ ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ.

ದಾನಮ್ಮ